ಪಿತ್ರಾರ್ಜಿತ ಯಾವುದು, ಸ್ವಯಾರ್ಜಿತ ಯಾವುದು: ಅನ್‌ರಿಯಲ್‌ನ ಮೆಟೀರಿಯಲ್ ಇನ್‌ಸ್ಟೆನ್ಸ್

ಆಟ ಕಟ್ಟುವ ಸಾಫ್ಟ್‌ವೇರ್ ಆದ ಅನ್‌ರಿಯಲ್ ಎಂಜಿನ್‌ನಲ್ಲಿ 30 ಬಗೆಯ ಗೋಡೆ ಬೇಕಾದರೆ 30 ಮೆಟೀರಿಯಲ್ (ಮೇಲ್ಮೈ ಹೇಗೆ ಕಾಣಬೇಕೆಂಬ ವಿವರ) ಕಟ್ಟುತ್ತ ಕೂರಬೇಕಿಲ್ಲ. ಒಂದು ಮಾಸ್ಟರ್ ಮೆಟೀರಿಯಲ್ ಮಾಡಿ, ಬಣ್ಣ, ರಫ್‌ನೆಸ್ (ಒರಟುತನ, ಹೆಚ್ಚಾದಷ್ಟೂ ಹೊಳಪು ಕಡಿಮೆ), ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ), ಟೈಲಿಂಗ್ (ಆ ಚಿತ್ರ ಎಷ್ಟು ಸಲ ಮರುಕಳಿಸಬೇಕು) ಹೀಗೆ ಬದಲಾಗುವುದನ್ನೆಲ್ಲ ಪ್ಯಾರಾಮೀಟರ್ (ಹೊರಗಿನಿಂದ ತಿದ್ದಬಹುದಾದ ಅಂಶ) ಮಾಡಿ, ಅದರ ಕೆಳಗೆ ಇನ್‌ಸ್ಟೆನ್ಸ್‌ಗಳನ್ನು, ಅಂದರೆ ಅದರ ಮರಿಗಳನ್ನು, ಹುಟ್ಟಿಸಿದರಾಯಿತು. ಇದು ಎಲ್ಲರಿಗೂ ಗೊತ್ತಿರುವುದೇ. ಪೆಟ್ಟು ಬೀಳುವುದು ಇನ್‌ಸ್ಟೆನ್ಸ್ ಎಡಿಟರ್‌ನಲ್ಲಿ ಪ್ರತಿ ಪ್ಯಾರಾಮೀಟರ್ ಪಕ್ಕದಲ್ಲಿರುವ ಟಿಕ್ ಪೆಟ್ಟಿಗೆಯಿಂದ.

ಟಿಕ್ ಇಲ್ಲದ ಪ್ಯಾರಾಮೀಟರ್ ಪಿತ್ರಾರ್ಜಿತ: ಪೇರೆಂಟ್‌ನಲ್ಲಿ (ಮೇಲಿನ ಮೆಟೀರಿಯಲ್‌ನಲ್ಲಿ) ಬೆಲೆ (ವ್ಯಾಲ್ಯೂ) ಬದಲಾದರೆ ಇಲ್ಲಿಯೂ ಬದಲಾಗುತ್ತದೆ. ಟಿಕ್ ಹಾಕಿದ್ದು ಸ್ವಯಾರ್ಜಿತ: ಪೇರೆಂಟ್‌ನಲ್ಲಿ ಏನಾದರೂ ಅದಕ್ಕೆ ಸಂಬಂಧವಿಲ್ಲ. ಬೆಲೆ ಎರಡೂ ಕಡೆ ಒಂದೇ ಇದ್ದರೂ ಅಷ್ಟೇ. ಸುಮ್ಮನೆ ನೋಡೋಣವೆಂದು ರಫ್‌ನೆಸ್‌ಗೆ ಟಿಕ್ ಹಾಕಿ 0.6 ಹಾಗೇ ಬಿಟ್ಟಿರುತ್ತಾರೆ. ತಿಂಗಳ ಮೇಲೆ ಮಾಸ್ಟರ್‌ನಲ್ಲಿ 0.8 ಮಾಡಿದಾಗ 29 ಗೋಡೆಗಳು ಬದಲಾಗುತ್ತವೆ, ಒಂದು ಮಾತ್ರ ಹಳೆಯ ಹೊಳಪಿನಲ್ಲೇ ನಿಂತಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಟಿಕ್ ತೆಗೆಯಿರಿ. ಬೆಲೆಯನ್ನು ಮೊದಲಿನಂತೆ ಮಾಡಿಟ್ಟರೆ ಸಾಲದು.

ಇನ್ನು ಖರ್ಚಿನ ಮಾತು. ಟಿಕ್‌ಗಳೆಲ್ಲ ನೋಡಲು ಒಂದೇ ಥರ, ಖರ್ಚು ಮಾತ್ರ ಬೇರೆ ಬೇರೆ. ಸ್ಕೇಲಾರ್ (ಒಂದೇ ಅಂಕಿ), ವೆಕ್ಟರ್ (ಬಣ್ಣದಂಥ ಅಂಕಿಗಳ ಗುಂಪು), ಟೆಕ್ಸ್ಚರ್ ಪ್ಯಾರಾಮೀಟರ್ ಬದಲಿಸಿದರೆ ಶೇಡರ್ (ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಓಡಿಸುವ ಪ್ರೋಗ್ರಾಂ) ಹಳೆಯದೇ, ಅದಕ್ಕೆ ಹೋಗುವ ಮಾಹಿತಿಯಷ್ಟೇ ಹೊಸದು. ಹಾಗಾಗಿ ತಕ್ಷಣ ಕಾಣುತ್ತದೆ. ಸ್ಟ್ಯಾಟಿಕ್ ಸ್ವಿಚ್ (ಮೆಟೀರಿಯಲ್‌ನ ಒಂದು ಭಾಗವನ್ನು ಇಡುವ ಇಲ್ಲವೇ ಕಿತ್ತುಹಾಕುವ ಆಯ್ಕೆ) ಬದಲಿಸಿದರೆ ಹೊಸ ಶೇಡರ್ ಕಂಪೈಲ್ ಆಗಬೇಕು. ಬ್ಲೆಂಡ್ ಮೋಡ್ (ಹಿಂದಿನದರೊಡನೆ ಬೆರೆಯುವ ಬಗೆ), ಶೇಡಿಂಗ್ ಮಾಡೆಲ್ (ಬೆಳಕಿಗೆ ಸ್ಪಂದಿಸುವ ಬಗೆ), ಟೂ ಸೈಡೆಡ್ (ಎರಡೂ ಬದಿ ಕಾಣುವುದು) ಇವನ್ನು ಇನ್‌ಸ್ಟೆನ್ಸ್‌ನಲ್ಲಿ ಓವರ್‌ರೈಡ್ ಮಾಡಿದರೂ ಅದೇ ಕಥೆ. ಒಂದೇ ಮಾಸ್ಟರ್‌ನಲ್ಲಿ 5 ಸ್ವಿಚ್ ಇದ್ದರೆ 32 ಜೋಡಣೆ ಸಾಧ್ಯ, 8 ಇದ್ದರೆ 256. ಇನ್‌ಸ್ಟೆನ್ಸ್‌ಗಳು ನಿಜಕ್ಕೂ ಬಳಸಿದ ಜೋಡಣೆಗಳಷ್ಟೇ ಕಂಪೈಲ್ ಆಗುತ್ತವೆ, ನಿಜ. ಆದರೆ ಪ್ರತಿ ಜೋಡಣೆಗೂ ಡೆಪ್ತ್, ನೆರಳು, ಬೇಸ್ ಪಾಸ್ ಎಂಬ ಚಿತ್ರಣದ ಹಂತಗಳು, ಜೊತೆಗೆ ಸ್ಟ್ಯಾಟಿಕ್ ಮೆಶ್ (ಮೂಳೆಗಳಿಲ್ಲದ ಆಕಾರ), ಸ್ಕೆಲಿಟಲ್ ಮೆಶ್ (ಮೂಳೆಗಳಿಂದ ಅಲುಗುವ ಆಕಾರ) ಎಂದು ಬೇರೆ ಬೇರೆ ಶೇಡರ್‌ಗಳಿರುವುದರಿಂದ ಸಂಖ್ಯೆ ಬೇಗ ಉಬ್ಬುತ್ತದೆ.

ಹಾಗೆಂದು ಸ್ವಿಚ್ ಬಿಟ್ಟು ಎಲ್ಲ ಕಡೆ ಲರ್ಪ್ (ಎರಡು ಬೆಲೆಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸುವ ನೋಡ್) ಹಾಕುವುದೂ ಜಾಣತನವಲ್ಲ. ಪ್ಯಾರಾಮೀಟರ್‌ಗೆ 0 ಕೊಟ್ಟರೂ ಲರ್ಪ್‌ನ ಎರಡೂ ಕಡೆಯ ಲೆಕ್ಕವನ್ನು ಜಿಪಿಯು ಸಾಮಾನ್ಯವಾಗಿ ಮಾಡಿಯೇ ತೀರುತ್ತದೆ. ಪಾಚಿಗೆಂದು 3 ಟೆಕ್ಸ್ಚರ್ ಓದುವ ಭಾಗವಿದ್ದರೆ ಅದನ್ನು ಸ್ವಿಚ್‌ನ ಹಿಂದೆ ಇಡಿ. ಬಣ್ಣದ ಒಂದು ಗುಣಾಕಾರಕ್ಕೆ ಸ್ವಿಚ್ ಬೇಡ.

ನಡುವೆ ಒಂದು ತಲೆಮಾರು ಇಡುವುದು ಒಳ್ಳೆಯ ವ್ಯವಸ್ಥೆ. ಮಾಸ್ಟರ್‌ನ ಕೆಳಗೆ ‘ಒಣ ಕಲ್ಲು’, ‘ಪಾಚಿ ಕಲ್ಲು’ ಎಂಬ ಎರಡು ಇನ್‌ಸ್ಟೆನ್ಸ್ ಮಾಡಿ ಸ್ವಿಚ್‌ಗಳನ್ನೆಲ್ಲ ಅಲ್ಲೇ ನಿರ್ಧರಿಸಿ. ಅವುಗಳ ಮಕ್ಕಳು ಅಂಕಿ ಮತ್ತು ಟೆಕ್ಸ್ಚರ್ ಮಾತ್ರ ಮುಟ್ಟಲಿ. ಮೊಮ್ಮಕ್ಕಳ ಮಕ್ಕಳವರೆಗೂ ಇಳಿಸಲು ಎಂಜಿನ್ ಬಿಡುತ್ತದೆ, ಆದರೆ ಮೂರು ತಲೆಮಾರು ದಾಟಿದರೆ ಬೆಲೆ ಎಲ್ಲಿಂದ ಬಂತೆಂದು ಹುಡುಕುವುದೇ ಕೆಲಸವಾಗುತ್ತದೆ.

ಟೆಕ್ಸ್ಚರ್ ಓವರ್‌ರೈಡ್‌ನಲ್ಲೂ ಒಂದು ಸದ್ದಿಲ್ಲದ ತಪ್ಪಿದೆ. ಆಕ್ಲೂಷನ್ (ಸಂದುಗಳ ನೆರಳು), ರಫ್‌ನೆಸ್, ಮೆಟಾಲಿಕ್ (ಲೋಹವೇ ಅಲ್ಲವೇ) ಮೂರನ್ನೂ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ತುಂಬಿದ ಟೆಕ್ಸ್ಚರ್‌ಗೆ ಎಸ್‌ಆರ್‌ಜಿಬಿ (ಚಿತ್ರವನ್ನು ಬಣ್ಣವೆಂದು ತಿಳಿದು ಅಂಕಿಗಳನ್ನು ತಿದ್ದುವ ಆಯ್ಕೆ) ಆಫ್ ಇರಬೇಕು, ಕಂಪ್ರೆಷನ್ ‘ಮಾಸ್ಕ್ಸ್’ ಇರಬೇಕು. ಮಾಸ್ಟರ್‌ನ ಡೀಫಾಲ್ಟ್ ಟೆಕ್ಸ್ಚರ್ ಸರಿಯಿದ್ದು, ಇನ್‌ಸ್ಟೆನ್ಸ್‌ಗೆ ಹಾಕಿದ್ದರಲ್ಲಿ ಎಸ್‌ಆರ್‌ಜಿಬಿ ಆನ್ ಉಳಿದಿದ್ದರೆ 0.5 ರಫ್‌ನೆಸ್ ಶೇಡರ್ ಕೈಗೆ ಸುಮಾರು 0.21 ಆಗಿ ಸಿಗುತ್ತದೆ. ಒಣ ಗೋಡೆ ಮಳೆಯಲ್ಲಿ ನೆಂದಂತೆ ಹೊಳೆಯುತ್ತದೆ, ಕಲಾವಿದರು ಬೆಳಕನ್ನು ಬೈಯುತ್ತಾರೆ. ಟೆಕ್ಸ್ಚರ್ ನೋಡ್‌ಗಳು ಹೆಚ್ಚಾದರೆ 16 ಸ್ಯಾಂಪ್ಲರ್‌ಗಳ (ಟೆಕ್ಸ್ಚರ್ ಓದುವ ಬಗೆಯ ಸೆಟ್ಟಿಂಗ್‌ಗಳ) ಮಿತಿಯೂ ಅಡ್ಡಬರುತ್ತದೆ. ಸ್ಯಾಂಪ್ಲರ್ ಸೋರ್ಸ್‌ನಲ್ಲಿ ‘ಶೇರ್ಡ್: ರ‍್ಯಾಪ್’ ಆರಿಸಿದರೆ ಬಿಡುಗಡೆ.

ಆಟ ಓಡುತ್ತಿರುವಾಗ ಬದಲಿಸಬೇಕಾದರೆ ಡೈನಾಮಿಕ್ ಇನ್‌ಸ್ಟೆನ್ಸ್ ಬೇಕು. ಅದನ್ನು ಬಿಗಿನ್‌ಪ್ಲೇಯಲ್ಲಿ (ಆಟ ಶುರುವಾದಾಗ ಓಡುವ ಈವೆಂಟ್) ಒಮ್ಮೆ ಹುಟ್ಟಿಸಿ ವೇರಿಯೆಬಲ್‌ನಲ್ಲಿಟ್ಟುಕೊಳ್ಳಿ, ಪ್ರತಿ ಫ್ರೇಮ್‌ಗೂ ಓಡುವ ಟಿಕ್ ಈವೆಂಟ್‌ನಲ್ಲಿ (ಇದು ಟಿಕ್ ಪೆಟ್ಟಿಗೆಯಲ್ಲ) ಹೊಸದಾಗಿ ಹುಟ್ಟಿಸಬೇಡಿ. ಸ್ಟ್ಯಾಟಿಕ್ ಸ್ವಿಚ್ ಇಲ್ಲಿ ಬದಲಾಗದು, ಹೊಸ ಶೇಡರ್ ಬೇಕಲ್ಲ. ಇನ್ನೊಂದು: ಒಂದೇ ಮೆಶ್, ಒಂದೇ ಮೆಟೀರಿಯಲ್ ಇರುವ ವಸ್ತುಗಳನ್ನು ಎಂಜಿನ್ 4.22ರಿಂದ ತಾನೇ ಒಟ್ಟುಗೂಡಿಸಿ ಒಂದೇ ಡ್ರಾ ಕಾಲ್‌ನಲ್ಲಿ (ಜಿಪಿಯುಗೆ ಕೊಡುವ ಒಂದು ಆದೇಶದಲ್ಲಿ) ಬಿಡಿಸಬಲ್ಲದು. 200 ಮಡಕೆಗೆ 200 ಡೈನಾಮಿಕ್ ಇನ್‌ಸ್ಟೆನ್ಸ್ ಕೊಟ್ಟರೆ ಆ ಲಾಭ ಹೋಯಿತು. ಮಡಕೆಯಿಂದ ಮಡಕೆಗೆ ಬಣ್ಣ ತುಸು ಬೇರೆಯಾದರೆ ಸಾಕು ಎನ್ನುವಲ್ಲಿ ಕಸ್ಟಮ್ ಪ್ರಿಮಿಟಿವ್ ಡೇಟಾ ಬಳಸಿ: ಮೆಟೀರಿಯಲ್ ಒಂದೇ ಇರುತ್ತದೆ, ಬೆಲೆ ವಸ್ತುವಿನ ಜೊತೆ ಹೋಗುತ್ತದೆ. ಇಡೀ ಊರಿಗೇ ಮಳೆ ತರಬೇಕಾದರೆ ಪ್ಯಾರಾಮೀಟರ್ ಕಲೆಕ್ಷನ್, ಅಂದರೆ ಹಲವು ಮೆಟೀರಿಯಲ್‌ಗಳು ಒಟ್ಟಿಗೆ ಓದುವ ಬೆಲೆಗಳ ಪಟ್ಟಿ. ಒಂದು ಮೆಟೀರಿಯಲ್ ಎರಡು ಕಲೆಕ್ಷನ್‌ಗಳನ್ನಷ್ಟೇ ಓದಬಲ್ಲದು. ಕಲೆಕ್ಷನ್‌ಗೆ ಹೊಸ ಪ್ಯಾರಾಮೀಟರ್ ಸೇರಿಸಿದರೆ ಅದನ್ನು ಓದುವ ಮೆಟೀರಿಯಲ್‌ಗಳೆಲ್ಲ ಮತ್ತೆ ಕಂಪೈಲ್, ಆದ್ದರಿಂದ ಪಟ್ಟಿಯನ್ನು ಮೊದಲೇ ಗಟ್ಟಿಮಾಡಿಕೊಳ್ಳಿ.

ಎಡಿಟರ್‌ನಲ್ಲಿ ಸರಿಯಿದ್ದ ಗೋಡೆ ಪ್ಯಾಕೇಜ್ ಮಾಡಿದ ಆಟದಲ್ಲಿ ಬೂದು ಚೌಕಳಿಯ ಡೀಫಾಲ್ಟ್ ಮೆಟೀರಿಯಲ್ ಆಗಿ ಕಂಡರೆ ಇನ್‌ಸ್ಟೆನ್ಸ್‌ನಲ್ಲಿ ತಡಕಾಡಬೇಡಿ, ಮಾಸ್ಟರ್‌ನ ಯೂಸೇಜ್ ಫ್ಲ್ಯಾಗ್‌ಗಳನ್ನು (ಯಾವುದರ ಮೇಲೆ ಬಳಸಬಹುದೆಂಬ ಗುರುತುಗಳನ್ನು) ನೋಡಿ. ‘ಯೂಸ್ಡ್ ವಿತ್ ಸ್ಕೆಲಿಟಲ್ ಮೆಶ್’ನಂಥವನ್ನು ಎಡಿಟರ್ ತಾನೇ ಟಿಕ್ ಮಾಡಿಕೊಂಡಿರುತ್ತದೆ; ಮಾಸ್ಟರ್ ಅನ್ನು ಸೇವ್ ಮಾಡಿ ಕಳಿಸದಿದ್ದರೆ ಬಿಲ್ಡ್ ಯಂತ್ರಕ್ಕೆ ಆ ಟಿಕ್ ಸಿಗುವುದೇ ಇಲ್ಲ.