ಪದ ಪರಿಚಯ: ಬಿಕೋ

ದಾವಣಗೆರೆಯಲ್ಲಿ ಮುಚ್ಚಿ ವರ್ಷಗಳೇ ಆದ ಒಂದು ಟಾಕೀಸಿದೆ. ಹೋದ ತಿಂಗಳು ಗೆಳೆಯನ ಜೊತೆ ಅಲ್ಲಿಗೆ ಫೋಟೋ ತೆಗೆಯಲು ಹೋಗಿದ್ದೆ. ಕಾವಲಿಗಿದ್ದ ಅಜ್ಜ ಗೇಟು ತೆಗೆಯುತ್ತಾ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಏನೈತಿ ತಮ್ಮಾ ಇಲ್ಲಿ ಫೋಟೋ ತೆಗಿಯಾಕೆ? ಬಿಕೋ ಅಂತೈತಿ."

ನಾವು ಹೋಗಿದ್ದೇ ಆ ಬಿಕೋ ಹುಡುಕಿಕೊಂಡು.

ಈ ಪದದ ಮಜಾ ನೋಡಿ. ಚಟಚಟ, ದಡದಡ, ಗುಡುಗುಡು ಇವೆಲ್ಲ ಕಿವಿಗೆ ಬಿದ್ದ ಸದ್ದಿನಿಂದಲೇ ಹುಟ್ಟಿದ ಪದಗಳು. ಬಿಕೋ ಕೂಡ ಅದೇ ಸಾಲಿನಲ್ಲಿ ಕೂತಿದೆ, 'ಅನ್ನು' ಸೇರಿಸಿಕೊಂಡೇ ಬರುತ್ತದೆ. ಆದರೆ 'ಬಿಕೋ' ಅಂತ ಸದ್ದು ಮಾಡುವ ವಸ್ತು ಲೋಕದಲ್ಲಿ ಎಲ್ಲಿದೆ ಹೇಳಿ? ಸದ್ದಡಗಿದ್ದಕ್ಕೇ ಕನ್ನಡ ಒಂದು ಸದ್ದು ಕೊಟ್ಟುಬಿಟ್ಟಿದೆ. ಮನೆ ಬಿಕೋ 'ಅನ್ನುತ್ತದೆ', ಬೀದಿ ಬಿಕೋ 'ಅನ್ನುತ್ತದೆ'. ಜಾಗವೇ ಬಾಯಿಬಿಟ್ಟ ಹಾಗೆ.

ಸುಮ್ನೆ ಖಾಲಿ ಅಂದರೆ ಸಾಕಲ್ವಾ? ಸಾಲದು. ಹೊಸದಾಗಿ ಕಟ್ಟಿ ಇನ್ನೂ ಬಾಡಿಗೆಗೆ ಹೋಗದ ಮನೆ ಖಾಲಿ. ಮಗಳ ಮದುವೆ ಮುಗಿಸಿ, ಅವಳನ್ನು ಕಳಿಸಿಕೊಟ್ಟು, ಚಪ್ಪರ ಬಿಚ್ಚಿದ ಮಾರನೇ ದಿನದ ಮನೆ ಬಿಕೋ. ಜನ ಇರಬೇಕಿತ್ತು ಅನ್ನುವ ಲೆಕ್ಕ ಯಾರದಾದರೂ ತಲೆಯಲ್ಲಿ ಓಡುತ್ತಿರಬೇಕು. ಆಗಷ್ಟೇ ಈ ಪದ ಸರಿಯಾಗಿ ಕೂರುತ್ತದೆ.

ಹಾಳು ಅನ್ನುವುದೂ ಬೇರೆಯೇ. ಹಳಗನ್ನಡದ 'ಪಾೞ್' ಬಾಯಿಂದ ಬಾಯಿಗೆ ಸವೆದು ಹಾಳಾಯಿತು. ಹಳೆಯ ಪಕಾರ ಪಾಳುಮನೆ, ಪಾಳುಬಾವಿಗಳಲ್ಲಿ ಉಳಿದುಕೊಂಡಿದೆ. ಹಾಳಾಗುವುದು ಗೋಡೆ. ಚಿತ್ರದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ಕೈಗೆ ಹೋಯಿತು. ಒಳಗಿನ ಅರಮನೆಯಲ್ಲಿ ಈಗ ಉಳಿದಿರುವುದು ಮೊಂಡು ಮಣ್ಣುಗೋಡೆಗಳು. ಆದರೂ ಒಂದು ಭಾನುವಾರ ಹತ್ತಿ ನೋಡಿ. ಶಾಲೆ ಮಕ್ಕಳ ಗಲಾಟೆ, ಮಂಗಗಳ ಕಾಟ, ಸೆಲ್ಫಿಗೆ ಸರದಿ. ಅಲ್ಲಿ ನಿಂತು ಬಿಕೋ ಅಂದರೆ ಜನ ನಗುತ್ತಾರೆ.

ಇದೇ ಮನೆತನದ ಇನ್ನೊಂದು ಪದ ಕಂದಾಯದ ಕಡತಗಳಲ್ಲಿದೆ: ಬೇಚರಾಕ್ ಗ್ರಾಮ. ಪಾರ್ಸಿಯಲ್ಲಿ 'ಬೇ' ಅಂದರೆ ಇಲ್ಲದ, 'ಚಿರಾಗ್' ಅಂದರೆ ದೀಪ. ಊರಿಗೆ ಹೆಸರಿದೆ, ಸರ್ವೆ ನಂಬರ್ ಇದೆ, ಸಂಜೆ ದೀಪ ಹಚ್ಚಲು ಜನ ಇಲ್ಲ. ಕಡತದೊಳಗೆ ಇಂಥ ಪದ ಯಾರು ತಂದಿಟ್ಟರೋ!

ಪಾಳು ಜಾಗಗಳ ಫೋಟೋ ಹುಚ್ಚು ಈಗ ಲೋಕವೆಲ್ಲ ಹಬ್ಬಿದೆ. ಅರ್ಬೆಕ್ಸ್ ಅನ್ನುತ್ತಾರೆ, ಜಪಾನಿನಲ್ಲಿ ಹೈಕ್ಯೋ. ಅದರಲ್ಲೂ ಜಾಸ್ತಿ ಕಾಡುವುದು ಮುಚ್ಚಿಹೋದ ಅಮ್ಯೂಸ್‌ಮೆಂಟ್ ಪಾರ್ಕುಗಳು. ಯಾಕೆ ಅನ್ನುವುದು ನನಗೆ ಹೊಳೆದದ್ದು ನಮ್ಮೂರ ದುಗ್ಗಮ್ಮನ ಜಾತ್ರೆಯಿಂದ. ಎರಡು ವರ್ಷಕ್ಕೊಮ್ಮೆ ಜಾತ್ರೆ. ಜೈಂಟ್ ವ್ಹೀಲ್ ಲಾರಿಯಲ್ಲಿ ಬರುತ್ತದೆ, ಬಿಚ್ಚಿಸಿಕೊಂಡು ಲಾರಿಯಲ್ಲೇ ಹೋಗುತ್ತದೆ. ಮೈದಾನ ಎರಡು ದಿನ ಬಿಕೋ ಅನ್ನುತ್ತದೆ, ಆಮೇಲೆ ಹುಡುಗರು ವಿಕೆಟ್ ನೆಡುತ್ತಾರೆ. ಪಾಳುಬಿದ್ದ ಪಾರ್ಕಿನಲ್ಲಿ ಆ ಲಾರಿ ಬರುವುದೇ ಇಲ್ಲ. ಜನ ಎದ್ದು ಹೋದರೂ ತೊಟ್ಟಿಲು ತೂಗಿಕೊಂಡೇ ಇರುತ್ತದೆ.

ಜಪಾನಿನ ನಾರಾ ಡ್ರೀಮ್‌ಲ್ಯಾಂಡ್ 1961ರಲ್ಲಿ ಶುರುವಾಗಿ 2006ರಲ್ಲಿ ಬಾಗಿಲು ಹಾಕಿತು. ಕೆಡವುವ ಮುಂಚೆ 10 ವರ್ಷ ಗಿಡಬಳ್ಳಿ ಹಬ್ಬಿಸಿಕೊಂಡು ನಿಂತಿತ್ತು. ಬೇಲಿ ಹಾರಿ ಫೋಟೋ ತೆಗೆದವರಿಗೆ ಲೆಕ್ಕವಿಲ್ಲ. ಉಕ್ರೇನಿನ ಪ್ರಿಪ್ಯಾಟ್ ಊರಿನದು ಇನ್ನೂ ವಿಚಿತ್ರ. ಅಲ್ಲಿನ ಪಾರ್ಕು 1986ರ ಮೇ 1ಕ್ಕೆ ತೆರೆಯಬೇಕಿತ್ತು. ಏಪ್ರಿಲ್ 26ರಂದು ಪಕ್ಕದ ಚೆರ್ನೋಬಿಲ್ ಅಣು ಸ್ಥಾವರ ಸಿಡಿಯಿತು, ಮರುದಿನವೇ ಊರು ಖಾಲಿ ಮಾಡಿಸಿದರು. ಹಳದಿ ತೊಟ್ಟಿಲುಗಳ ಆ ಚಕ್ರದ ಫೋಟೋ ನೀವೂ ನೋಡಿರುತ್ತೀರಿ. ಊಟಕ್ಕೆ ಎಲೆ ಹಾಕಿ, ನೆಂಟರು ಬಾರದ ಮದುವೆ ಮನೆ ಅದು.

ಇಷ್ಟಾದರೂ ಬಿಕೋ ಅನ್ನುವುದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಸುಲಭವಲ್ಲ. ಬಿರುಕುಬಿಟ್ಟ ಗೋಡೆ ಎಷ್ಟು ತೆಗೆದರೂ ಬರೀ ಹಾಳೇ ಬರುತ್ತದೆ. ಮನುಷ್ಯರ ಕೈ ಆಡಿದ ಗುರುತು ಬೇಕು. ಟಾಕೀಸಿನಲ್ಲಿ ನನಗದು ಸಿಕ್ಕಿದ್ದು ಗಾಂಧಿ ಕ್ಲಾಸಿನ ಟಿಕೆಟ್ ಕಿಂಡಿಯ ಹತ್ತಿರ. ಒಂದು ಕೈ ತೂರುವಷ್ಟೇ ಅಗಲದ ಕಿಂಡಿ. ಅದರ ಕೆಳಗಿನ ಸಿಮೆಂಟು ಮೊಣಕೈ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಒಳಗೆ ನೆಲದ ಮೇಲೆ ಅಂಗಾತ ಬಿದ್ದ 'ಹೌಸ್ ಫುಲ್' ಬೋರ್ಡು, ಅದರ ಮೇಲೆ ಪಾರಿವಾಳದ ಹಿಕ್ಕೆ.

(ಪಾಳು ಜಾಗಕ್ಕೂ ಮಾಲೀಕರಿರುತ್ತಾರೆ, ಕೇಳಿಯೇ ಹೋಗಿ. ಹಾವಿಗಂತೂ ಕೇಳಿ ಹೋಗಲು ಆಗದು, ಟಾರ್ಚ್ ಇರಲಿ.)

ಹೊರಡುವಾಗ ಗೆಳೆಯ, "ಅಜ್ಜಾ, ಒಂದ್ಸಲ ಕೌಂಟರ್ ಒಳಗೆ ನಿಂತ್ಕಳ್ರಿ" ಅಂದ. ಅಜ್ಜ ಮೊದಲು ನಾಚಿಕೊಂಡರು. ಆಮೇಲೆ ಒಳಗೆ ಹೋಗಿ, ಟವೆಲ್ ಸರಿಮಾಡಿಕೊಂಡು, ಕಿಂಡಿಯಿಂದ ಕೈ ಹೊರಗೆ ಚಾಚಿದರು. "ಎಷ್ಟ್ ಟಿಕೆಟ್ ಬೇಕ್ರಪಾ?" ಅಂದು ತಾವೇ ನಕ್ಕರು. ಆ ಫೋಟೋದಲ್ಲಿ ಬಿಕೋ ಒಂದು ಚೂರೂ ಇಲ್ಲ. ಅವತ್ತು ತೆಗೆದ ಎಲ್ಲದರಲ್ಲಿ ಅವರು ಮಗನ ವಾಟ್ಸಾಪಿಗೆ ಕಳಿಸಿ ಅಂದದ್ದು ಅದೊಂದನ್ನೇ.