ತರಗು ಎಂಬ ಪದದ ಕೂಲಿ

ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿಯುವ ಒಣ ಗರಿಗೆ ಮಂಡ್ಯದ ಕಡೆ ತರಗು ಅಂತಾರೆ. ಅದಕ್ಕೆ ಬೆಂಕಿ ಹಾಕಬೇಡಿ, ಕೂಳೆ ಕಬ್ಬಿನ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಸಾಲಿಗೆ ಹೊದಿಸಿ, ತೇವ ನಿಲ್ಲುತ್ತದೆ, ಕಳೆ ಕಡಿಮೆಯಾಗುತ್ತದೆ ಎಂದು ರೈತರಿಗೆ ಹೇಳುವ ಪುಸ್ತಿಕೆಯೊಂದು ಕಳೆದ ವರ್ಷ ನನ್ನ ಕೈಗೆ ಬಂತು. ನಾನು ಮೈಸೂರಿನಲ್ಲಿ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವಳು. ಆದರೆ ಇದರ ಅನುವಾದ ಆಗಲೇ ಆಗಿತ್ತು. ಮಾಡಿದ್ದು ಎಐ. ನಾನು ‘ಸುಮ್ನೆ ಒಂದು ಸಲ ನೋಡಿಕೊಡಬೇಕು’ ಅಷ್ಟೇ. ಪದಕ್ಕೆ ಒಂದೂವರೆ ರೂಪಾಯಿ ಕೊಡುತ್ತಿದ್ದ ಏಜೆನ್ಸಿ ಇದಕ್ಕೆ 40 ಪೈಸೆ ಅಂದಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ನನಗೆ ಇಂಥ ಫೈಲುಗಳೇ ಜಾಸ್ತಿ.

ಮೂರನೇ ಪುಟದಲ್ಲಿ ‘ಕೂಳೆ ಬೆಳೆಗೆ ಕಸ ಹೊದಿಸಿ’ ಎಂದಿತ್ತು. ಇಂಗ್ಲಿಷಿನಲ್ಲಿದ್ದ ಪದ ‘ಟ್ರ್ಯಾಶ್’. ಕಸ ಯಾಕೆ ಹೊದಿಸುತ್ತಾರೆ ಎಂದು ಅನುಮಾನ ಬಂದು ಪಾಂಡವಪುರದ ಮಾವನಿಗೆ ಫೋನ್ ಮಾಡಿದೆ. “ಕಸ ಅಂತ ಬರುದ್ರೆ ಜನ ಕಡ್ಡಿ ಗೀರ್ಬುಡ್ತಾರೆ ಕಣವ್ವ, ತರಗು ಅಂತ ಬರಿ” ಅಂದರು.

ಯಂತ್ರ ಎಡವಿದ್ದು ಯಾಕೆ? ಇಂಥ ಮಾದರಿಗಳು ಕೋಟಿಗಟ್ಟಲೆ ವಾಕ್ಯಗಳನ್ನು ಓದಿ, ಇಷ್ಟು ಮಾತಿನ ಮುಂದೆ ಯಾವ ತುಣುಕು ಬರುವ ಸಾಧ್ಯತೆ ಜಾಸ್ತಿ ಎಂದು ಲೆಕ್ಕ ಹಾಕುತ್ತವೆ. ಬರಹದಲ್ಲಿ ‘ಟ್ರ್ಯಾಶ್’ಗೆ ಜೋಡಿಯಾಗಿ ಸಿಗುವುದು ಹೆಚ್ಚಾಗಿ ‘ಕಸ’ವೇ. ತರಗು ಗದ್ದೆಯ ಬದುವಿನ ಮೇಲೆ ಆಡುವ ಮಾತು, ಬರಹಕ್ಕೆ ಇಳಿದದ್ದು ಕಡಿಮೆ. ಸಾಲದ್ದಕ್ಕೆ ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ (ಮಾಹಿತಿಯ ಒಂದು ಸಣ್ಣ ಅಳತೆ) ಸಾಕು, ಕನ್ನಡದ ಒಂದೊಂದು ಚಿಹ್ನೆಗೂ 3 ಬೇಕು. ಇಂಗ್ಲಿಷಿನ ಆ ಪದ 5 ಬೈಟ್, ನಮ್ಮ ‘ತರಗು’ 12, ಯಾಕಂದರೆ ಗು ಅಕ್ಷರದ ಕೊಂಬೂ ಬೇರೆ ಚಿಹ್ನೆಯೇ. ಹಾಗಾಗಿ ಕನ್ನಡ ಪದ ಎಷ್ಟೋ ಸಲ ಚೂರುಚೂರಾಗಿಯೇ ಯಂತ್ರದೊಳಗೆ ಹೋಗುತ್ತದೆ.

ಹಾಗಂತ ಯಂತ್ರ ದಡ್ಡ ಎನ್ನಲಾರೆ. ಹತ್ತರಲ್ಲಿ ಎಂಟು ವಾಕ್ಯ ಚೆನ್ನಾಗಿಯೇ ಇದ್ದವು. ದರ ಬಿದ್ದಿರುವುದು ಅದಕ್ಕೇ. ಆದರೆ ಕೆಟ್ಟ ಎರಡು ಯಾವುವು ಎಂದು ತಿಳಿಯಲು ಹತ್ತನ್ನೂ ಮೂಲದ ಜೊತೆ ಇಟ್ಟು ಓದಲೇಬೇಕು, ಅಲ್ವಾ? ಹಾಗೆ ಓದಲು ಹಿಡಿಯುವ ಸಮಯಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಹಾಲಿವುಡ್ಡಿನ ಚಿತ್ರಕಥೆ ಬರಹಗಾರರಿಗೂ ಇದೇ ಭಯವಿತ್ತು. 2023ರಲ್ಲಿ 148 ದಿನ ಮುಷ್ಕರ ಹೂಡಿದರು. ಬೇಡಿಕೆಗಳಲ್ಲಿ ಎಐ ಕೂಡ ಒಂದು. ಯಂತ್ರ ಬರೆದದ್ದನ್ನು ಕೈಗಿಟ್ಟು ‘ನೀವು ತಿದ್ದಿದ್ದಷ್ಟೇ’ ಎಂದು ಸಂಭಾವನೆ ಕತ್ತರಿಸುವಂತಿಲ್ಲ, ಕೊಟ್ಟದ್ದು ಎಐ ಬರಹವಾದರೆ ಹೇಳಿಯೇ ಕೊಡಬೇಕು ಎಂದು ಒಪ್ಪಂದ ಮಾಡಿಕೊಂಡರು. ನನ್ನಂಥವರ ಬೆನ್ನಿಗೆ ಅಂಥ ಸಂಘವಿಲ್ಲ. ಒಬ್ಬೊಬ್ಬರೇ ಮನೆಯಲ್ಲಿ ಕೂತು ಫೋನಿನಲ್ಲಿ ದರ ಮಾತಾಡುತ್ತೇವೆ.

ನನಗೆ ಜಾಸ್ತಿ ಚಿಂತೆ ಹೊಸಬರದು. ಆಹ್ವಾನ ಪತ್ರಿಕೆ, ಕರಪತ್ರ, ಔಷಧಿ ಡಬ್ಬಿಯ ಮೇಲಿನ ನಾಲ್ಕು ಸಾಲು, ಇಂಥ ಸಣ್ಣಪುಟ್ಟ ಕೆಲಸದಲ್ಲೇ ನಾನು ತಪ್ಪು ಮಾಡಿ, ಬೈಸಿಕೊಂಡು ಕಲಿತದ್ದು. ಯಂತ್ರ ಮೊದಲು ಎತ್ತಿಕೊಂಡದ್ದು ಅವನ್ನೇ. ‘ಕಸ’ ಎಂದ ಕೂಡಲೇ ಅನುಮಾನ ಪಡುವ ಕಿವಿ ಅವರಿಗೆ ಇನ್ನು ಎಲ್ಲಿ ಪಳಗಬೇಕು?

ಎರಡು ತಿಂಗಳಾದ ಮೇಲೆ ಅದೇ ಏಜೆನ್ಸಿಯಿಂದ ಕಬ್ಬಿನ ಇನ್ನೊಂದು ಪುಸ್ತಿಕೆ ಬಂತು. ಈ ಸಲ ಎಲ್ಲ ಕಡೆ ತರಗು ಎಂದೇ ಇತ್ತು. ನಾವು ತಿದ್ದಿದ ವಾಕ್ಯಗಳು ಮೂಲದ ಜೋಡಿಯಾಗಿ ಅವರ ಕಂಪ್ಯೂಟರಿನಲ್ಲಿ ಉಳಿಯುತ್ತವೆ, ಮುಂದಿನ ಅನುವಾದಕ್ಕೆ ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ. ರೈತರಿಗೆ ಸರಿಯಾದ ಮಾತು ಸಿಗುತ್ತದಲ್ಲ ಎಂದು ಖುಷಿಯಾಯಿತು. ಆದರೆ ದರ 30 ಪೈಸೆಗೆ ಇಳಿದಿತ್ತು.

“ಈ ಸಲ ತಪ್ಪು ಕಡಿಮೆ ಇದೆಯಲ್ಲ ಮೇಡಂ” ಎಂದರು.

ಕಡಿಮೆ ಮಾಡಿದವಳು ನಾನು, ಆ ಪದ ಕೊಟ್ಟವರು ನಮ್ಮ ಮಾವ ಎಂದೆ. ಹಳೇ ದರ ಕೊಟ್ಟರೆ ಮಾಡುತ್ತೇನೆ ಎಂದೂ ಹೇಳಿದೆ. ಫೈಲು ಇನ್ನೂ ಹಾಗೇ ಇದೆ, ಉತ್ತರ ಬಂದಿಲ್ಲ.