ಹಳೇ ಸಿಂಥ್ ಸಂಗೀತಕ್ಕ ಎಲ್‌ಪಿ ತಟ್ಟೇನ ಬೇಕೇನ್ರಿ?

ಪ್ರಶ್ನೆ: ಎಪ್ಪತ್ತರ ದಶಕದ ಸಿಂಥಸೈಜರ್, ಅಂದ್ರ ಕರೆಂಟಿನಿಂದ ದನಿ ಹುಟ್ಟಿಸೋ ಯಂತ್ರದ ಸಂಗೀತ ಕೇಳಿದ್ರ ಕಣ್ಮುಂದ ಏನೇನೋ ಕಾಣ್ತಾವಂತ. ಮೊಬೈಲಿನ್ಯಾಗ ಕೇಳಿದೆ, ಏನೂ ಕಾಣ್ಲಿಲ್ಲ. ಎಲ್‌ಪಿ ಹಾಕಿ ಕೇಳಬೇಕೇನ್ರಿ?

ಬೇಕಿಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಪ್ಲೇಯರಿಗೆ ರೊಕ್ಕ ಸುರಿಯುವ ಮೊದಲು ಇದನ್ನು ಓದಿಬಿಡಿ.

ತಪ್ಪು ಶುರುವಾಗುವುದು ಒಂದು ಚಿತ್ರದಿಂದ: ಡಿಜಿಟಲ್ ಎಂದರೆ ದನಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುವುದು, ನಡುವಿನದೆಲ್ಲ ಹೋಯಿತು ಎಂದು. ಆ ಮೆಟ್ಟಿಲು ಕಾಗದದ ಮೇಲಷ್ಟೇ ಇದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ದನಿಯ ಅಳತೆ ನಡೆಯುತ್ತದೆ, ಒಂದೊಂದು ಅಳತೆ ಒಂದೊಂದು ಚುಕ್ಕೆ. ಅದರ ಅರ್ಧಕ್ಕಿಂತ, ಅಂದರೆ 22,050 ಹರ್ಟ್ಸ್‌ಗಿಂತ ಕೆಳಗಿನ ಅಲೆಗಳಲ್ಲಿ ಆ ಚುಕ್ಕೆಗಳಿಗೆಲ್ಲ ಹೊಂದುವುದು ಒಂದೇ ಒಂದು. ಎರಡನೆಯದು ಇಲ್ಲವೇ ಇಲ್ಲ ಅಂದಮೇಲೆ ಕಳೆದುಹೋಗುವುದಾದರೂ ಏನು? ಸಿ.ಡಿ. ಪ್ಲೇಯರಿನಿಂದ ಹೊರಬರುವ ದನಿಯನ್ನು ಅಲೆಯ ಆಕಾರ ತೋರಿಸುವ ಆಸಿಲೊಸ್ಕೋಪಿಗೆ ಜೋಡಿಸಿ ನೋಡಿ, ನುಣುಪಾದ ಗೆರೆಯೇ ಕಾಣುತ್ತದೆ. ನಮ್ಮ ಕಿವಿ 20,000ದ ಹತ್ತಿರ ನಿಲ್ಲುತ್ತದೆ, ನಲವತ್ತು ದಾಟಿದವರದು ಇನ್ನೂ ಮೊದಲೇ. ಅತಿ ಮೆಲುದನಿಗೂ ಜೋರುದನಿಗೂ ನಡುವಿನ ಅಂತರ ಸಿ.ಡಿ.ಯ 16 ಬಿಟ್ ಅಳತೆಯಲ್ಲಿ ಸುಮಾರು 96 ಡೆಸಿಬೆಲ್. ಒಳ್ಳೆಯ ಎಲ್‌ಪಿಗೂ 70 ಮುಟ್ಟುವುದು ಕಷ್ಟ. ಮೇಲೆ ಸೂಜಿಯ ಚಿಟಿಚಿಟಿ, ಒಳಸುತ್ತಿಗೆ ಬಂದಾಗ ದನಿಯ ಒಡಕು. ಅದು ಹಿತವೆನಿಸಿದರೆ ಧಾರಾಳವಾಗಿ ಕೇಳಿ. ಆದರೆ ಅದು ತಟ್ಟೆಯ ಗುಣ, ಸಿಂಥಿನದಲ್ಲ.

ಈ ಸಂಗೀತದಲ್ಲಿ ಅನಲಾಗ್, ಅಂದರೆ ಅಂಕಿಯಾಗದೆ ವೋಲ್ಟೇಜಾಗಿಯೇ ಏರಿಳಿಯುವ ಗುಣ, ಇರುವುದು ದನಿ ಹುಟ್ಟುವ ಕಡೆ. ಮೋಗ್ ಎಂಬ ಸಿಂಥ್ ಯಂತ್ರದಲ್ಲಿ ಒಂದು ವೋಲ್ಟ್ ಏರಿದರೆ ಒಂದು ಸಪ್ತಕ ಏರುತ್ತದೆ. ಒಂದು ಅರ್ಧಸ್ವರಕ್ಕೆ ಬರೀ 83 ಮಿಲಿವೋಲ್ಟ್. ಟ್ರಾನ್ಸಿಸ್ಟರ್ ಬಿಸಿಯಾದರೆ ಶ್ರುತಿ ಜಾರುತ್ತದೆ. ಜರ್ಮನಿಯ ಟ್ಯಾಂಜರೀನ್ ಡ್ರೀಮ್ ತಂಡದ 1974ರ ‘ಫೀಡ್ರಾ’ದಲ್ಲಿ ಕೊನೆಕೊನೆಗೆ ಸ್ವರ ಸರಿಯುವುದು ಹೀಗೆ ಕಾದ ಯಂತ್ರದಿಂದಲೇ. ಆ ಜಾರು ನಿಮ್ಮ ಮೊಬೈಲಿನಲ್ಲೂ ಕೇಳುತ್ತದೆ.

ಇನ್ನು ಕಣ್ಮುಂದೆ ಕಾಣುವ ಮಾತು. ಸಿತಾರ ಕೇಳಿದರೆ ಮೀಟುವ ಬೆರಳು ನೆನಪಾಗುತ್ತದೆ, ಇಲ್ಲಿ ಬೆರಳೇ ಇಲ್ಲ. ದನಿ ಎರಡು ಮೂರು ಸೆಕೆಂಡು ತಗೊಂಡು ಮೆಲ್ಲಗೆ ಏರುವುದರಿಂದ ಎಲ್ಲಿಂದ ಶುರುವಾಯಿತೆಂದೇ ತಿಳಿಯದು, ಮನಸ್ಸು ತಾನೇ ಒಂದು ಮೂಲ ಕಲ್ಪಿಸಿಕೊಳ್ಳುತ್ತದೆ. ದನಿಯ ಮೇಲಿನ ಅಂಶಗಳನ್ನು ಸೋಸುವ ಫಿಲ್ಟರ್ ಮುಚ್ಚಿದಂತೆ ತೀಕ್ಷ್ಣತೆ ಕಳೆದು ದನಿ ಗೋಡೆಯಾಚೆ ಹೋಗುತ್ತದೆ, ತೆರೆದಂತೆ ಹತ್ತಿರ ಬರುತ್ತದೆ. ದನಿ ಹುಟ್ಟಿಸುವ ಎರಡು ಆಸಿಲೇಟರ್ 220 ಮತ್ತು 220.5 ಹರ್ಟ್ಸ್‌ನಲ್ಲಿದ್ದರೆ ಎರಡು ಸೆಕೆಂಡಿಗೊಮ್ಮೆ ದನಿ ಉಬ್ಬಿ ಇಳಿಯುತ್ತದೆ. ತಂಬೂರಿಯ ಜೋಡಿ ತಂತಿ ಕೂಡುವ ಮುಂಚಿನ ಆ ಅಲೆಯಾಟವನ್ನು ಧಾರವಾಡದವರಿಗೆ ಹೇಳಿಕೊಡಬೇಕೇ?

ನಿಮಗೆ ಕಾಣದ್ದಕ್ಕೆ ಕಾರಣ ಬೇರೆ. ಫೋನಿನ ಸ್ಪೀಕರಿಗೆ ಮಂದ್ರ ಎಟುಕದು. ಚಿಗರಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿದರೂ ಗಾಡಿಯ ಗುಂಯ್ ಅದನ್ನು ನುಂಗುತ್ತದೆ. ಮನೆಯಲ್ಲಿ ಫ್ಯಾನು ಬಂದ್ ಮಾಡಿ, ಈಕ್ವಲೈಜರ್ ಆಫ್ ಮಾಡಿ, ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ ಮಂದ್ರವನ್ನಷ್ಟೇ ಹಿಂಬಾಲಿಸಿ, ಎರಡನೇ ಸಲ ಫಿಲ್ಟರ್ ತೆರೆಯುವುದನ್ನು. ‘ಫೀಡ್ರಾ’ದಂಥ ಹದಿನೇಳು ನಿಮಿಷದ್ದನ್ನು ಮೂರನೇ ನಿಮಿಷಕ್ಕೇ ಬದಲಿಸಿದರೆ ಏನೂ ಸಿಗದು.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಇದರಲ್ಲಿ ರಾಗ ಬರುತ್ತದೆಯೇ? ಮುಂಬೈಯ ಚರಣಜಿತ್ ಸಿಂಗ್ 1982ರಲ್ಲೇ ಹತ್ತು ರಾಗಗಳನ್ನು ರೋಲ್ಯಾಂಡ್ ಕಂಪನಿಯ ಟಿಬಿ-303 (ಮಂದ್ರಕ್ಕೆ), ಟಿಆರ್-808 (ತಾಳಕ್ಕೆ), ಜುಪಿಟರ್-8 (ಕೀಲಿಮಣೆ ಸಿಂಥ್) ಇಟ್ಟುಕೊಂಡು ಡಿಸ್ಕೋ ತಾಳಕ್ಕೆ ನುಡಿಸಿದ್ದಾರೆ. 303ರ ಸ್ಲೈಡ್ ಕೇಳಲು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನಂತಿದೆ, ಆದರೆ ಅದರ ವೇಗ ಬದಲಿಸಲು ಬರುವುದಿಲ್ಲ. ಕೀಲಿಮಣೆಯ ಗಾಂಧಾರವೂ ತಂಬೂರಿಯಲ್ಲಿ ಕೇಳುವ ಶುದ್ಧ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲೆ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್). ಉದ್ದ ಮೀಂಡ್ ಬೇಕಾದರೆ ಮಿನಿಮೋಗ್ ವಾಸಿ: ಜಾರುವ ವೇಗಕ್ಕೆ ಗ್ಲೈಡ್ ಗುಂಡಿ ಇದೆ, ಎಡಗೈಗೆ ಪಿಚ್ ಚಕ್ರವೂ ಇದೆ.